ಬಣ್ಣ ಮಾಸದ ಕೈ

ನಮ್ಮ ಅತ್ತಿಗೆಗೆ ಮೂಗಿನ ತುದಿಯಲ್ಲೇ ಕೋಪ. ಅಡುಗೆಗೆ ಉಪ್ಪು ಹೆಚ್ಚಾಯಿತು ಅಂದರೂ ಸಹಿಸಿಕೊಂಡಾಳು, ಅವಳು ಬೆರೆಸಿದ ಬಣ್ಣದಲ್ಲಿ ಕೊಂಕು ತೆಗೆದರೆ ಮುಗಿಯಿತು. ಕೃತಕ ಕೈಕಾಲು ಮಾಡುವ ಕಾರ್ಖಾನೆಯಲ್ಲಿ ಹತ್ತು ವರ್ಷದಿಂದ ನಾವಿಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂತಿದ್ದೇವೆ. ನಾನು ಅಚ್ಚು ಎರೆಯುತ್ತೇನೆ, ಅವಳು ಬಣ್ಣ ಬೆರೆಸುತ್ತಾಳೆ. ಕೃತಕ ಕೈಗೆ ತೊಡಿಸುವ ರಬ್ಬರಿನ ಗವಸು ಆ ಮನುಷ್ಯನ ಇನ್ನೊಂದು ಕೈಗೆ ಪಕ್ಕಾ ಹೊಂದಬೇಕು. ಗೆಣ್ಣಿನ ಕಂದು, ಉಗುರಿನ ಬುಡದ ನಸುಗೆಂಪು ಸಮೇತ. ನನ್ನಣ್ಣನ ಅಂಗಿಬಟ್ಟೆಯನ್ನೂ ಅವಳು ಕಿಟಕಿಯ ಬೆಳಕಿಗೆ ಹಿಡಿಯದೆ ಕೊಂಡದ್ದಿಲ್ಲ.

ಒಂದು ಸೋಮವಾರ ಹಳೆಯ ಗಿರಾಕಿ ಬಡಗಿಯೊಬ್ಬ ಬಂದಾಗ ಅವಳು ಗೋದಾಮಿಗೆ ಹೋಗಿದ್ದಳು. ಗರಗಸದ ಯಂತ್ರಕ್ಕೆ ಎಡಗೈ ಕೊಟ್ಟ ಅವನಿಗೆ ಮೂರು ವರ್ಷದ ಹಿಂದೆ ನಾವೇ ಕೈ ಮಾಡಿಕೊಟ್ಟಿದ್ದೆವು. ಅವನು ಗವಸು ಕಳಚಿ ಮೇಜಿನ ಮೇಲೆ ಎಸೆದ.

"ಏನ್ ಸ್ವಾಮಿ ಇದು? ಮೂರೇ ವರ್ಷಕ್ಕೆ ಬಣ್ಣ ಬಿಟ್ಟಿದೆ! ನೋಡಿದೋರೆಲ್ಲ ನಗ್ತಾರೆ."

ನಿಜವೇ. ಬಲಗೈ ಪಕ್ಕ ಗವಸು ಬೆಳ್ಳಗೆ ಕಾಣುತ್ತಿತ್ತು. ರಬ್ಬರು ಬಿಸಿಲಿಗೆ ಮಾಸುವುದುಂಟು. ಅತ್ತಿಗೆ ಬರುವಷ್ಟರಲ್ಲಿ ಮುಗಿಸಿಬಿಡೋಣವೆಂದು ನಾನೇ ಅವನ ಬಲಗೈ ನೋಡಿ ಗಾಢ ಬಣ್ಣ ಬೆರೆಸಿ, ಮಾದರಿಗೆ ಒಂದು ತುಂಡು ಎರೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ನನ್ನ ಬೆನ್ನು ನಾನೇ ತಟ್ಟಿಕೊಂಡು, "ಗುರುವಾರ ಬನ್ನಿ, ಹೊಸ ಕೈ ರೆಡಿ" ಅಂದೆ.

ಅವನು ಎದ್ದವನು ಮೇಜು ಹಿಡಿದು ಮತ್ತೆ ಕೂತ. "ಎದ್ರೆ ಕಣ್ಣು ಕತ್ತಲೆ ಬರುತ್ತೆ." ನೀರು ಕೊಟ್ಟೆ. "ಒಂದು ಚಿಟಿಕೆ ಉಪ್ಪು ಇದೆಯಾ? ಈಚೆಗೆ ಉಪ್ಪು ಅಂದ್ರೆ ಪ್ರಾಣ" ಅಂದ. ವಿಚಿತ್ರ ಆಸಾಮಿ ಅಂದುಕೊಂಡೆ.

ಅತ್ತಿಗೆ ಅಷ್ಟು ಹೊತ್ತಿಗೆ ಒಳಗೆ ಬಂದಳು, ವಿಷಯ ಕೇಳಿದಳು, ಕೆಂಡಾಮಂಡಲವಾದಳು.

"ನನ್ನ ಬಣ್ಣ ಬಿಡ್ತಾ?"

ಕಪಾಟಿನಿಂದ ತಗಡಿನ ಪೆಟ್ಟಿಗೆ ಕೆಳಗಿಳಿಯಿತು. ಮಾಡಿದ ಪ್ರತಿ ಗವಸಿನ ಒಂದು ತುಂಡನ್ನು ಚೀಟಿ ಅಂಟಿಸಿ, ಬೆಳಕು ತಾಗದಂತೆ ಅದರಲ್ಲಿಡುತ್ತಾಳೆ. ಬಡಗಿಯ ತುಂಡನ್ನು ಹುಡುಕಿ ಗವಸಿನ ಮೇಲಿಟ್ಟಳು. ಎರಡೂ ಒಂದೇ.

"ಗವಸು ಹೇಗಿತ್ತೋ ಹಾಗೇ ಇದೆ. ಬದಲಾಗಿರೋದು ನೀವು!"

ಇನ್ನು ಜಂಬ ಶುರು ಅಂದುಕೊಂಡೆ. ಆದರೆ ಅವಳು ಅವನ ಬಲಗೈ ಹಿಡಿದು ಕಿಟಕಿಯ ಕಡೆ ತಿರುಗಿಸಿದಳು.

"ಬಿಸಿಲಲ್ಲಿ ಕೆಲಸ, ಕಪ್ಪಾಗಿದೀನಿ ಅಷ್ಟೇ" ಅಂದ ಅವನು.

ಅತ್ತಿಗೆ ಅವನ ಅಂಗಿಯ ತೋಳು ಮೇಲೆ ಸರಿಸಿದಳು. "ಕಂಕುಳಿಗೂ ಬಿಸಿಲು ಬಿತ್ತಾ?" ಅಂಗೈಯ ಗೆರೆಗಳು ಇದ್ದಿಲಲ್ಲಿ ಎಳೆದಂತಿದ್ದವು. ಬಾಯಿ ತೆಗೆಸಿದಳು, ವಸಡಿನ ಮೇಲೂ ಕಪ್ಪು ಮಚ್ಚೆ. "ಇದು ಬಿಸಿಲಿನ ಕಪ್ಪಲ್ಲ, ಏನೋ ಕಾಯಿಲೆ. ಮೈದುನ, ಆಟೋ ಕರಿ!"

ಆಸ್ಪತ್ರೆಯಲ್ಲಿ ಬಾಗಿಲಿನವರೆಗೂ ಸಾಲು. ಡಾಕ್ಟರಮ್ಮ ನಾಡಿ ಹಿಡಿದು, "ನಿಶ್ಶಕ್ತಿ. ಟಾನಿಕ್ ಬರೀತೀನಿ" ಅಂದರು. ಅತ್ತಿಗೆ ಚೀಲದಿಂದ ರಬ್ಬರು ಕೈ ತೆಗೆದು ಅವರ ಮೇಜಿನ ಮೇಲೆ ಧಪ್ಪನೆ ಇಟ್ಟಳು. ಡಾಕ್ಟರಮ್ಮ ಹೌಹಾರಿದರು!

"ಮೂರು ವರ್ಷದ ಹಿಂದೆ ಇವರ ಮೈಬಣ್ಣ ಇದು. ಈಗ ಆ ಕೈ ನೋಡಿ."

ಡಾಕ್ಟರಮ್ಮ ನೋಡಿದರು. ಪೆನ್ನು ಕೆಳಗಿಟ್ಟು ಎದ್ದೇ ನಿಂತರು. ಅವನನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿದರು. ನಿಂತಾಗ ಪಾತಾಳ.

"ನಿಮಗೆ ಟಿ.ಬಿ. ಆಗಿತ್ತಾ?"

"ಎಂಟು ವರ್ಷ ಆಯ್ತು. ಆರು ತಿಂಗಳು ಮಾತ್ರೆ ನುಂಗಿ ವಾಸಿಯಾಯ್ತು."

"ಶ್ವಾಸಕೋಶ ವಾಸಿಯಾಯ್ತು. ಆದರೆ ಆ ರೋಗ ರಕ್ತದಲ್ಲಿ ಹರಿದು ಬೇರೆ ಕಡೆಯೂ ಮನೆ ಮಾಡಿರಬಹುದು" ಎಂದ ಅವರ ದನಿಯಲ್ಲೂ ಉದ್ವೇಗ. ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಎರಡು ಪುಟ್ಟ ಗ್ರಂಥಿಗಳಿವೆಯಂತೆ, ಅಡ್ರಿನಲ್ ಅಂತ. ಕ್ಷಯ ಅಲ್ಲಿ ಸೇರಿದರೆ ಸದ್ದಿಲ್ಲದೆ ವರ್ಷಗಟ್ಟಲೆ ತಿನ್ನುತ್ತದಂತೆ. ಗ್ರಂಥಿ ಹಾಳಾದರೆ ಮೈಯಲ್ಲಿ ಉಪ್ಪು ನಿಲ್ಲುವುದಿಲ್ಲ, ರಕ್ತದೊತ್ತಡ ಕುಸಿಯುತ್ತದೆ. ಮಿದುಳು ಆ ಗ್ರಂಥಿಗಳನ್ನು ಕೆಲಸ ಮಾಡಿ ಎಂದು ಒಂದೇ ಸಮನೆ ಎಬ್ಬಿಸುತ್ತದೆ, ಆ ಎಬ್ಬಿಸುವ ರಸವೇ ಚರ್ಮವನ್ನು ಕಪ್ಪು ಮಾಡುತ್ತದೆ. "ಒಂದು ಜೋರು ಜ್ವರ ಬಂದಿದ್ರೂ ಇವರು ಉಳೀತಿರಲಿಲ್ಲ."

ರಕ್ತ ತೆಗೆದರು, ಇಂಜೆಕ್ಷನ್ ಕೊಟ್ಟರು, ಸಲೈನ್ ಏರಿಸಿದರು. ಸಂಜೆಯ ಹೊತ್ತಿಗೆ ಬಡಗಿ ದಿಂಬಿಗೊರಗಿ ಕೂತು ಆಸ್ಪತ್ರೆಯ ಕಿಟಕಿ ಚೌಕಟ್ಟು ಸೊಟ್ಟಗಿದೆ ಎಂದು ಬೈಯುತ್ತಿದ್ದ! ನನಗೆ ಕುಣಿಯುವಷ್ಟು ಖುಷಿಯಾಯಿತು. ಬೆನ್ನಿಗೇ ನಾನು ಮಾಡಹೊರಟಿದ್ದು ನೆನಪಾಯಿತು. ನಾನು ಕಾಯಿಲೆಯ ಬಣ್ಣಕ್ಕೇ ಕೈ ಹೊಂದಿಸಿ ಅವನನ್ನು ಮನೆಗೆ ಕಳಿಸುವವನಿದ್ದೆ. ಗುರುವಾರಕ್ಕೆ ಆ ಕೈ ತೊಡಲು ಅವನೇ ಇರುತ್ತಿರಲಿಲ್ಲವೇನೋ.

ಪರೀಕ್ಷೆ, ಸ್ಕ್ಯಾನು ಎಲ್ಲ ಡಾಕ್ಟರಮ್ಮನ ಮಾತನ್ನೇ ಹೇಳಿದವು. ಬದುಕಿರುವವರೆಗೂ ದಿನಾ ಮಾತ್ರೆ, ಜ್ವರ ಬಂದರೆ ಎರಡರಷ್ಟು, ಒಂದು ದಿನವೂ ತಪ್ಪಿಸುವಂತಿಲ್ಲ.

ಆರು ತಿಂಗಳ ನಂತರ ಬಡಗಿ ಅದೇ ಹಳೆಯ ಗವಸು ತೊಟ್ಟು ಬಂದು, ಕಿಟಕಿಯ ಬಳಿ ಎರಡೂ ಕೈ ಜೋಡಿಸಿಟ್ಟ. ಅತ್ತಿಗೆ ಬಗ್ಗಿ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಗೆಣ್ಣಿನ ಹತ್ರ ಕಪ್ಪು ಇನ್ನೂ ಸ್ವಲ್ಪ ಇಳೀಬೇಕು" ಅಂದಳು. ನನ್ನ ಆ ಗಾಢ ತುಂಡು ಖಾನೆಯಲ್ಲೇ ಬಿದ್ದಿತ್ತು. ನಾಚಿಕೆಯಿಂದ ಅದನ್ನು ಕಸಕ್ಕೆ ಎಸೆಯಹೋದೆ, ಅವಳು ಕಿತ್ತುಕೊಂಡಳು. ಅವನ ಹಳೆಯ ತುಂಡಿನ ಪಕ್ಕ ಇಟ್ಟು ಚೀಟಿ ಬರೆದಳು: "ಈ ಬಣ್ಣ ಕಂಡರೆ ಕೈ ಮಾಡಬೇಡ, ಆಸ್ಪತ್ರೆಗೆ ಓಡು."

ಬಡಗಿ ಅದನ್ನು ಓದಿದ. "ಆ ಕಪ್ಪು ತುಂಡಲ್ಲಿ ಅರ್ಧ ನನಗೂ ಕೊಡಮ್ಮ, ಮಾತ್ರೆ ಮರೀದೇ ಇರೋಕೆ ಡಬ್ಬೀಲಿ ಇಟ್ಕೋತೀನಿ."

ಅತ್ತಿಗೆ ಕತ್ತರಿ ಕೈಗೆತ್ತಿಕೊಂಡಳು.