ಸಾವಿನ ಕಾಗದ

ನಮ್ಮ ತೋಟದ ಮನೆಯ ಪಡಸಾಲೆಯಲ್ಲಿ, ಕಂಬಕ್ಕೆ ಹೊಡೆದ ಮೊಳೆಯಿಂದ ಒಂದು ಕೊಕ್ಕೆತಂತಿ ತೂಗುತ್ತಿತ್ತು. ಮನೆಗೆ ಬಂದ ಕಾಗದವೆಲ್ಲ ಓದಿಸಿಕೊಂಡಾದ ಮೇಲೆ ಹೊಟ್ಟೆಗೊಂದು ತೂತು ಮಾಡಿಸಿಕೊಂಡು ಅಲ್ಲಿ ಹೋಗಿ ಸೇರಬೇಕು. ಸಕ್ಕರೆ ಕಾರ್ಖಾನೆಯ ನೋಟೀಸಿಗೂ ನಿಪ್ಪಾಣಿಯ ಅತ್ತೆ ಮರಾಠಿಯಲ್ಲಿ ಬರೆಸುತ್ತಿದ್ದ ಕಾರ್ಡಿಗೂ ಅಲ್ಲಿ ಒಂದೇ ಗತಿ. ಕಾಗದ ಎಸೆಯುವ ಪೈಕಿಯವನಲ್ಲ ನಮ್ಮಪ್ಪ. ಆದರೆ ಗೆಳೆಯಾ, ಒಂದು ಬಗೆಯ ಕಾಗದ ಮಾತ್ರ ಆ ತಂತಿಯನ್ನು ಕಂಡದ್ದೇ ಇಲ್ಲ. ಸಾವಿನ ಸುದ್ದಿ ಹೊತ್ತು ಬಂದದ್ದನ್ನು ಹೊಸ್ತಿಲಾಚೆ ನಿಂತೇ ಓದಿ, ಓದಿದ ಕೈಯಲ್ಲೇ ಹರಿದು, ತಲೆಗೆ ನೀರು ಸುರಿದುಕೊಂಡು ಒಳಗೆ ಬರಬೇಕು. ಹೀಗೇಕೆ ಎಂದು ನಾವು ಯಾರೂ ಕೇಳಿದವರಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಸದಲಗಾ ಕಡೆಯ ಕಬ್ಬಿನ ಹೊಲಗಳು ನೀರು ಕುಡಿದೂ ಕುಡಿದೂ ಉಪ್ಪುಗಟ್ಟಿ ಸವಳು ಹಿಡಿಯತೊಡಗಿದ್ದವು. ಆ ಮಣ್ಣನ್ನು ಅಭ್ಯಾಸ ಮಾಡಲು ತಾಂಜಾನಿಯಾದ ಇಮ್ಯಾನುಯೆಲ್ ಬಂದ. ಪರದೇಶದ ವಿದ್ಯಾರ್ಥಿಗಳಿಗೆ ನಮ್ಮ ಸರಕಾರ ಕೊಡುವ ವಿದ್ಯಾರ್ಥಿವೇತನದ ಮೇಲೆ ಕೃಷಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದ. ಓದಿದವರು ದೇಶ ಬಿಟ್ಟು ಹೋಗುತ್ತಾರೆಂದು ನಮ್ಮವರು ಕೇಳಿದ್ದರು. ಓದಲೆಂದೇ ಒಬ್ಬ ಸಮುದ್ರ ದಾಟಿ ನಮ್ಮ ಕೆಟ್ಟ ಹೊಲಕ್ಕೆ ಬರುವುದು, ಅದಕ್ಕೆ ಸರಕಾರವೇ ಖರ್ಚು ಹಾಕುವುದು, ಅವರಿಗೆ ಬಿಡಿಸಲಾಗದ ಒಗಟಾಯಿತು. ಅಪ್ಪ ಅವನಿಗೆ ಪಕ್ಕದ ಕೋಣೆ ಬಿಟ್ಟುಕೊಟ್ಟ. ಚಿಕ್ಕೋಡಿ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ನಾನು ನನ್ನ ಹರಕುಮುರುಕು ಇಂಗ್ಲಿಷಿನ ಧೈರ್ಯದಲ್ಲಿ ದುಭಾಷಿಯಾದೆ. ತನ್ನ ತಾಯಿಯೂ ಜೋಳದ ಹಿಟ್ಟನ್ನೇ ಕುದಿನೀರಿನಲ್ಲಿ ತಿರುವಿ ಮುದ್ದೆ ಮಾಡುತ್ತಾಳೆಂದು ಅವನು ಹೇಳಿದ ದಿನದಿಂದ ಅವ್ವನಿಗೆ ಅವನು ಮನೆಯವನೇ ಆಗಿಬಿಟ್ಟ.

ಒಂದು ಮಧ್ಯಾಹ್ನ ಪೋಸ್ಟಿನವ ಅವನ ಹೆಸರಿನ ಲಕೋಟೆ ತಂದುಕೊಟ್ಟ. ಊರಿಂದ ಅಣ್ಣ ಬರೆದ ಅದನ್ನು ಇಮ್ಯಾನುಯೆಲ್ ಅಂಗಳದ ಬೇವಿನ ಕೆಳಗೆ ನಿಂತು ಒಡೆದ. ಸ್ವಲ್ಪ ಓದಿದ, ಅಲ್ಲೇ ಕುಸಿದು ಕೂತ. ತಾಯಿ ತೀರಿಕೊಂಡಿದ್ದಾಳೆಂದು ನನಗೆ ಹೇಳಿದ, ನಾನು ಅಪ್ಪನಿಗೆ ಹೇಳಿದೆ. ಅಪ್ಪ ಅವನ ಸಡಿಲಾದ ಕೈಯಿಂದ ಕಾಗದ ತೆಗೆದುಕೊಂಡು, ಎರಡಾಗಿ ನಾಲ್ಕಾಗಿ ಹರಿದು, ಹೊಲದ ಕಾಲುವೆಯಲ್ಲಿ ಬಿಟ್ಟ. ಆಮೇಲೆ ಅವನನ್ನು ತಬ್ಬಿ ಎಬ್ಬಿಸಿ, ಬಾವಿಯ ಕಟ್ಟೆಗೆ ಕರೆದೊಯ್ದು, ಹೆತ್ತ ಮಗನಿಗೆ ಹಾಕುವಂತೆ ತಲೆಗೆ ನೀರು ಹಾಕಿದ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ಸುತ್ತಲಿನ ತೋಟದ ಹೆಂಗಸರು ಸಂಜೆಗೆ ರೊಟ್ಟಿ, ಪಲ್ಯ ಕಟ್ಟಿಕೊಂಡು ಬಂದರು. ಕಾಣದ ದೇಶದ, ಕಾಣದ ಹೆಣ್ಣುಮಗಳಿಗಾಗಿ ನಮ್ಮ ಪಡಸಾಲೆ ತುಂಬ ಕೂತು ಅತ್ತರು.

ಮರುದಿನ ಅವನು ಕಾಗದ ಕೇಳಿದ. ತಂದೆತಾಯಿ ಸತ್ತರೆ ಊರಿಗೆ ಹೋಗಿಬರುವ ವಿಮಾನದ ಟಿಕೀಟು ಆ ವಿದ್ಯಾರ್ಥಿವೇತನದಲ್ಲೇ ಸಿಗುತ್ತಿತ್ತು, ಆದರೆ ಸಾವಿಗೆ ಲಿಖಿತ ಪುರಾವೆ ಬೇಕಿತ್ತು. ನಾನೂ ಅಪ್ಪನೂ ಮೊಣಕಾಲುದ್ದ ನೀರಿಗಿಳಿದು ಕಾಲುವೆಯ ಉದ್ದಕ್ಕೂ ಹುಡುಕಿದೆವು. ಒಂದು ಚೂರೂ ಸಿಗಲಿಲ್ಲ. ಅಪ್ಪ ಅಂಗಿ ಬದಲಿಸಿ, ಎರಡು ಬಸ್ಸು ಹಿಡಿದು ನಮ್ಮಿಬ್ಬರ ಜೊತೆ ವಿಶ್ವವಿದ್ಯಾಲಯಕ್ಕೆ ಬಂದ. ಅಧಿಕಾರಿಯ ಮುಂದೆ ಕೈಮುಗಿದು, "ಕಾಗದ ನಾನ ಹರದೇನ್ರಿ ಸಾಹೇಬ್ರ, ಇದ ಕೈಯಿಂದ. ಇವನ ಅವ್ವ ಸತ್ತದ್ದು ಖರೇ ಐತ್ರಿ" ಎಂದ. ಅವರೇನು ಕೆಟ್ಟವರಲ್ಲ, ಕೂರಿಸಿ ಚಹಾ ತರಿಸಿದರು. ಆದರೆ ಅವರ ಫೈಲಿಗೆ ಅಪ್ಪನನ್ನು ಲಗತ್ತಿಸಲು ಬರುವಂತಿರಲಿಲ್ಲ. ಅವನ ಅಣ್ಣನಿಗೆ ತಂತಿ ಸಂದೇಶ ಹೋಯಿತು. ಅಣ್ಣ ಯಾವುದೋ ದೂರದ ಕಚೇರಿಯಿಂದ ಮರಣಪತ್ರ ಪಡೆದು ಕಳಿಸಿ ಅದು ನಮಗೆ ಮುಟ್ಟುವಷ್ಟರಲ್ಲಿ ಎರಡು ತಿಂಗಳು ದಾಟಿತ್ತು. ಲಕೋಟೆಯಲ್ಲಿ ಅದೊಂದು ಹಾಳೆ ಬಿಟ್ಟರೆ ಮತ್ತೇನೂ ಇರಲಿಲ್ಲ. ಮಣ್ಣಂತೂ ಮೊದಲ ಕಾಗದ ಬರುವ ಮುಂಚೆಯೇ ಆಗಿತ್ತು, ಈಗ ದಿನಕರ್ಮಗಳೂ ಮುಗಿದು ಹೋಗಿದ್ದವು. ಇನ್ನು ಯಾರ ಮುಖ ನೋಡಲು ಹೋಗಲಿ ಎಂದು ಅವನು ಮತ್ತೆ ಸವಳು ಮಣ್ಣಿನ ಚೀಲ ಹೊತ್ತು ಹೊಲಕ್ಕಿಳಿದ.

ಆಮೇಲೆ ನಾನು ಎಷ್ಟೋ ಸಲ ಇದನ್ನು ಯೋಚಿಸಿದ್ದೇನೆ. ದುಃಖ ಮನೆಯಲ್ಲಿ ಉಳಿಯಬಾರದೆಂದು ಕಾಗದ ಹರಿಯಲು ಕಲಿಸಿದವರೂ, ದುಃಖದಲ್ಲಿದ್ದವನು ಊರು ಮುಟ್ಟಲೆಂದು ಟಿಕೀಟಿನ ನಿಯಮ ಬರೆದವರೂ ಒಳ್ಳೆಯವರೇ. ಇಬ್ಬರ ಒಳ್ಳೆಯತನದ ನಡುವೆ ಒಬ್ಬ ಮಗ ತಾಯಿಯ ದಿನಕರ್ಮಕ್ಕೂ ಹೋಗದೆ ಉಳಿದ. ನನಗೆ ಯಾರ ಮೇಲೂ ಸಿಟ್ಟು ಬರುವುದಿಲ್ಲ. ಅದೇ ನನ್ನ ಸಂಕಟ.

ಪದವಿ ಮುಗಿಸಿ ಊರಿಗೆ ಹೊರಟವನು ಹೇಳಿಹೋಗಲು ಬಂದ. ಅಷ್ಟು ದಿನ ಅವನ ಮುಖ ತಪ್ಪಿಸಿ ತಿರುಗಿದ್ದ ಅಪ್ಪ ಅಂದು ಎದುರಿಗೆ ಕೂತು, "ಆ ಕಾಗದ ನೀ ಪೂರಾ ಓದಿದ್ದೇನಪಾ?" ಎಂದು ಕೇಳಿದ. ಇಮ್ಯಾನುಯೆಲ್ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ: ಮೊದಲ ನಾಲ್ಕು ಸಾಲು ಮಾತ್ರ ಓದಿದ್ದೆ, ಅಮ್ಮ ಕೊನೆಗೆ ನಿನಗೆ ಹೇಳಿದ್ದನ್ನು ಹಿಂಬದಿಯಲ್ಲಿ ಬರೆದಿದ್ದೇನೆ ಎಂದಿದ್ದ ಅಣ್ಣ. ಮರಣಪತ್ರ ಕಳಿಸಿದ ಕೆಲವೇ ದಿನಕ್ಕೆ ಆ ಅಣ್ಣನೂ ತೀರಿಕೊಂಡ, ಈಗ ಕೇಳಲು ಯಾರೂ ಇಲ್ಲ.

"ಪೂರಾ ಓದೀನಿ ಅಂತಾನಪಾ" ಎಂದೆ ನಾನು.

ಒಂದು ವರ್ಷ ನಮ್ಮ ನಡುವೆ ಇದ್ದವನಿಗೆ ಅಷ್ಟು ಕನ್ನಡ ತಿಳಿಯುತ್ತಿತ್ತು. ನನ್ನನ್ನು ನೋಡಿದ. "ಹೌದ್ರಿ ಕಾಕಾ" ಎಂದ. ಅಪ್ಪನ ಮುಖಕ್ಕೆ ಜೀವ ಬಂತು. ಹಾಗಾದರೆ ನಿಮ್ಮವ್ವ ಕಡೆಗೆ ಹೇಳಿದ ಮಾತೇನಾದರೂ ಅದರಲ್ಲಿತ್ತೇ ಎಂದು ಕೇಳಿದ.

ಇಮ್ಯಾನುಯೆಲ್ ಮಾತಿಗಾಗಿ ತಡಕಾಡಿದ. ಅವನಿಗೆ ಬರುತ್ತಿದ್ದ ಕನ್ನಡವೇ ಅಷ್ಟು. ಅದರಲ್ಲಿ ತಾಯಿ ಮಗನಿಗೆ ಹೇಳುವ ಮಾತೆಂದರೆ, ದಿನಾ ಹೊಲಕ್ಕೆ ಹೊರಟಾಗ ನಮ್ಮವ್ವ ಅವನಿಗೆ ಹೇಳುತ್ತಿದ್ದುದು ಒಂದೇ.

"ಹೊತ್ತಿಗೆ ಸರಿ ಉಣ್ಣು ಮಗನ" ಎಂದ, "ಉಪಾಸ ಇರಬ್ಯಾಡ."