ಕೆಟ್ಟ ವಾಲ್ವ್

ಮೊದಲೇ ಹೇಳಿಬಿಡುತ್ತೇನೆ, ಆ ಹುಡುಗಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಈಗಲೂ ಅಷ್ಟೇ.

ನಮ್ಮದು ಮದುವೆ ರಿಸೆಪ್ಷನ್ನುಗಳ ಆರ್ಕೆಸ್ಟ್ರಾ. ಹದಿನೆಂಟು ವರ್ಷದಿಂದ ಗಿಟಾರಿನ ಸೋಲೋಗಳೆಲ್ಲ ನನ್ನವೇ. ಗಿಟಾರಿನ ಸದ್ದು ಹಿಗ್ಗಿಸುವ ನನ್ನ ವಾಲ್ವ್ ಆಂಪ್ ಅಕ್ಕಿ ಮೂಟೆಯಷ್ಟು ಭಾರ. ಉರಿಗಾಂನಲ್ಲಿ ರೈಲಿಗೆ ಹತ್ತಿಸಿ ಬಂಗಾರಪೇಟೆಯಲ್ಲಿ ಇಳಿಸುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ. ಸ್ವಿಚ್ ಹಾಕಿದ ಮೇಲೂ ಒಳಗಿನ ಗಾಜಿನ ವಾಲ್ವ್‌ಗಳು ಬಿಸಿಯಾಗುವವರೆಗೆ ತೆಪ್ಪಗೆ ಕೂರಬೇಕು. ಆದರೂ ಅದರ ಸದ್ದಿಗೆ ಸಾಟಿಯಿಲ್ಲವೆಂದು ಜಂಬ ಕೊಚ್ಚಿಕೊಂಡು ಬದುಕಿದವನು ನಾನು.

ಹೋದ ವರ್ಷ ಬೇತಮಂಗಲದಿಂದ ಅವಳು ಬಂದು ಸೇರಿದಳು. ಹೆಗಲಲ್ಲಿ ಗಿಟಾರ್, ಚೀಲದಲ್ಲಿ ಟಿಫನ್ ಡಬ್ಬಿಯಷ್ಟು ಪೆಟ್ಟಿಗೆ. ಯಾವ ಆಂಪಿನ ಸದ್ದು ಬೇಕಾದರೂ ಅದರೊಳಗೇ ಇರುತ್ತದಂತೆ. ಬಸ್ಸಿಳಿದು ಬಂದಳು, ವೈರು ಚುಚ್ಚಿದಳು, ನುಡಿಸಿಯೇಬಿಟ್ಟಳು. ನನ್ನ ವಾಲ್ವ್ ಇನ್ನೂ ಬಿಸಿಯಾಗಿರಲಿಲ್ಲ.

ಕೀಬೋರ್ಡ್ ನುಡಿಸುವ ನಮ್ಮ ಯಜಮಾನ ನನ್ನನ್ನು ಪಕ್ಕಕ್ಕೆ ಕರೆದ. "ಮುಂದಿನ್ ಪ್ರೋಗ್ರಾಮಲ್ಲಿ ಒಂದ್ ಸೋಲೋ ಆಯಮ್ಮಂಗೆ ಕೊಟ್ ನೋಡಾನ ಕಣ್ಲಾ. ಚೆನ್ನಾಗಿದ್ರೆ ಮುಂದಕ್ಕೂ ಆಯಮ್ಮನೇ ಬಾರುಸ್ಲಿ. ನೀನು ಇಂದ್ಗಡೆ ನಿಂತು ಆಯಮ್ಮಂಗೆ ಸಾತ್ ಕೊಡೋ ಕಾರ್ಡ್ಸ್ ಬಾರುಸ್ಕೊಂಡಿರು."

ಅದೇ ವಾರ ಅವಳೂ ಕೇಳಿದಳು: "ಅಣ್ಣಾ, ನಿಮ್ ಆಂಪ್ ಸೌಂಡು ನನ್ ಪೆಟ್ಗೇಲಿಲ್ಲ. ಒಂದ್ಸಲ ಮೈಕ್ ಇಟ್ಟು ತಕೊಂಡೋಗ್ತೀನಿ. ಅಂಗಂಗೇ ಕಾಪಿ ಆಯ್ತದೆ."

ಒಲ್ಲೆ ಎಂದರೆ ಸಣ್ಣವನಾಗುತ್ತೇನೆ. ಭಾನುವಾರ ಬಾ ಅಂದೆ. ಅವಳು ಬರುವ ಮುಂಚೆ ಆಂಪಿನಿಂದ ಒಳ್ಳೆಯ ವಾಲ್ವ್ ಒಂದನ್ನು ಕಿತ್ತು, ಮೂಲೆಯಲ್ಲಿ ಬಿದ್ದಿದ್ದ, ಇನ್ನೇನು ಸಾಯಲಿದ್ದ ಹಳೆಯದನ್ನು ಚುಚ್ಚಿದೆ. ಸ್ವರ ಎಳೆದರೆ ಒಡೆದು ಕರಕರ ಅನ್ನುತ್ತಿತ್ತು. ಅವಳು ತಲೆಬಾಗಿಸಿ ಕೇಳಿ, "ಅತ್ರದಿಂದ ಬೇರೆ ತರಾನೇ ಕೇಳ್ತದಲ್ಲಣ್ಣಾ" ಎಂದು ಕಾಪಿ ಮಾಡಿಕೊಂಡು, ಕಾಫಿ ಕುಡಿದು ಹೋದಳು. ಅವಳು ಬೀದಿ ದಾಟುವ ಮೊದಲೇ ಆ ವಾಲ್ವ್ ಸುಟ್ಟುಹೋಯಿತು. ಖುಷಿಯಿಂದಲೇ ತಿಪ್ಪೆಗೆಸೆದೆ.

ಬಂಗಾರಪೇಟೆಯ ಕಲ್ಯಾಣ ಮಂಟಪದಲ್ಲಿ ಅವಳ ಸರದಿ ಬಂತು. ಅದೇ ಒಡಕು ಸದ್ದು. ಆದರೆ ಅವಳು ಸ್ವರಗಳನ್ನು ನಿಧಾನಕ್ಕೆ ಎಳೆದಳು. ಅಳು ನುಂಗಿ ಮಾತಾಡುವವರ ಗಂಟಲಿನಂತೆ ಕೇಳಿಸಿತು. ಊಟದ ಸಾಲಿನಲ್ಲಿದ್ದವರು ತಟ್ಟೆ ಹಿಡಿದೇ ಇತ್ತ ತಿರುಗಿದರು. ಹದಿನೆಂಟು ವರ್ಷದಲ್ಲಿ ನನಗಾಗಿ ಯಾರೂ ಹಾಗೆ ತಿರುಗಿದ್ದಿಲ್ಲ.

ಮುಗಿದ ಮೇಲೆ ಮೈಕಿನಲ್ಲಿ, "ಈ ಸೌಂಡು ನಂದಲ್ಲ, ನಮ್ಮಣ್ಣನ ಆಂಪಿಂದು" ಎಂದಳು. ಚಪ್ಪಾಳೆ ಬಿತ್ತು. ಎದ್ದು ಕೈಮುಗಿದೆ. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಯಜಮಾನ ಬೆನ್ನು ತಟ್ಟಿದ. "ಇಂತಾ ಸೌಂಡು ಇಷ್ಟ್ ದಿನ ಎಲ್ಲಿ ಮಡಗಿದ್ದೆಲಾ? ನಾಳೆ ಪ್ರೋಗ್ರಾಮಲ್ಲಿ ನೀನೇ ಅದನ್ನ ಬಾರ್ಸು, ಸೋಲೋ ಎಲ್ಲಾ ನಿಂದೇ."

ಕೆಟ್ಟ ವಾಲ್ವ್ ಸುಟ್ಟು ತಿಪ್ಪೆ ಸೇರಿತ್ತಲ್ಲ, ಮರುದಿನ ಒಳ್ಳೆಯದರಲ್ಲೇ ನುಡಿಸಿದೆ. ಯಾರೂ ತಿರುಗಲಿಲ್ಲ. ಸೋಲೋಗಳೆಲ್ಲ ಮತ್ತೆ ಅವಳ ಪಾಲಾದವು. ಆ ಸದ್ದು ಈಗ ಇರುವುದು ಅವಳ ಪೆಟ್ಟಿಗೆಯಲ್ಲಿ ಮಾತ್ರ. ಅವಳ ಹಿಂದೆ ನಿಂತು ಕಾರ್ಡ್ಸ್ ನುಡಿಸುತ್ತಾ ನಾನೂ ಅದನ್ನು ಕೇಳುತ್ತೇನೆ.