ಹುಂಜಗಳಿಗೊಂದು ಒಳ್ಳೆಯ ಮನೆ

ರೂಲ್ಫಿನ್ ಎಂಬ ಮುದುಕಿ ಹುಂಜಗಳ ಅನಾಥಾಶ್ರಮ ನಡೆಸುತ್ತಾಳೆಂದು ಊರಿಗೆ ಹೊಸದಾಗಿ ಬಂದವರೆಲ್ಲ ನಂಬುತ್ತಿದ್ದರು. ಇದನ್ನು ಬರೆಯುತ್ತಿರುವವನೂ ಮೊದಲ ಬೇಸಿಗೆಯಲ್ಲಿ ಹಾಗೆಯೇ ನಂಬಿ, ಅವಳ ಕರುಣೆಯನ್ನು ಅವಳೆದುರೇ ಹೊಗಳಿ, ಅವಳು ಮಾತಾಡದೆ ಮುಖ ನೋಡಿದ್ದನ್ನು ವಿನಯವೆಂದು ತಿಳಿದಿದ್ದ.

ತಪ್ಪೆಲ್ಲ ಅಂಗಡಿಯ ಬಾಗಿಲಲ್ಲಿ ತೂಗುವ ಹಲಗೆಯದು. ಡ್ರೆಂಥೆ ಪ್ರಾಂತ್ಯದ ಆ ಊರಿನಲ್ಲಿ ಹಿತ್ತಲಲ್ಲಿ ಕೋಳಿಯಿಲ್ಲದ ಮನೆಯಿಲ್ಲ. ಕಂದು ಕೋಳಿ, ಬಿಳಿ ಕೋಳಿ, ರೇಷ್ಮೆಯಂಥ ಪುಕ್ಕದ ಕುಳ್ಳ ಕೋಳಿ, ಕಾಲಿಗೂ ಗರಿಯ ಷರಾಯಿ ತೊಟ್ಟ ಕೋಳಿ, ಎಲ್ಲವೂ ಒಂದೇ ಬೇಲಿಯೊಳಗೆ. ಕಾವಿಗೆ ಇಟ್ಟ ಮೊಟ್ಟೆಗಳಲ್ಲಿ ಅರ್ಧ ಹುಂಜವಾಗುವುದು ಸೃಷ್ಟಿಯ ನಿಯಮ. ಅರ್ಧಕ್ಕಿಂತ ಹೆಚ್ಚಾಗುವುದು ಸಾಕಿದವನ ಹಣೆಬರಹ. ಒಂದು ಹಿತ್ತಲಿಗೆ ಒಂದು ಹುಂಜ ಶೋಭೆ, ಎರಡಾದರೆ ಜಗಳ, ಮೂರಾದರೆ ಹೇಂಟೆಗಳ ಬೆನ್ನ ಮೇಲೆ ಒಂದು ಗರಿಯೂ ಉಳಿಯುವುದಿಲ್ಲ. ಆಗ ಹಲಗೆಯ ಮೇಲೊಂದು ಚೀಟಿ ಕಾಣಿಸಿಕೊಳ್ಳುತ್ತದೆ: ‘ಹುಂಜ, ಪುಕ್ಕಟೆ. ಒಳ್ಳೆಯ ಮನೆಗೆ ಮಾತ್ರ.’

ಊರಿನಲ್ಲಿ ಆ ಒಳ್ಳೆಯ ಮನೆ ಇದ್ದದ್ದು ಒಂದೇ. ರಟ್ಟಿನ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಜನ ರೂಲ್ಫಿನ್‌ಳ ಹಿತ್ತಲ ಬಾಗಿಲಿಗೆ ಬರುತ್ತಿದ್ದರು.

“ಇವನಿಗೊಂದು ಒಳ್ಳೆ ಮನೆ ಬೇಕಿತ್ತು.”

“ಇದೆ. ಅಲ್ಲಿಟ್ಟು ಹೋಗಿ.”

ಮಾತು ಅಷ್ಟಕ್ಕೇ ನಿಲ್ಲಬೇಕು. ಮಾರನೆಯ ದಿನ ಪೆಟ್ಟಿಗೆ ಖಾಲಿಯಾಗಿ ಗೇಟಿನ ಹತ್ತಿರ ಕಾಯುತ್ತಿತ್ತು. ಕೊಟ್ಟವರು ಕೇಳುತ್ತಿರಲಿಲ್ಲ, ಇಸಿದುಕೊಂಡವಳು ಹೇಳುತ್ತಿರಲಿಲ್ಲ. ಹಾವೂ ಸಾಯದೆ ಕೋಲೂ ಮುರಿಯದೆ ಹುಂಜ ಮಾತ್ರ ಸಾಯುವ ಈ ಏರ್ಪಾಡು ಊರಿಗೆಲ್ಲ ಒಗ್ಗಿತ್ತು.

ಕೆಲಸಕ್ಕೆ ಇಬ್ಬರು ಬೇಕು. ಗಂಡ ಗೀರ್ಟ್ ಕಾಲು ರೆಕ್ಕೆ ಸೇರಿಸಿ ಹಿಡಿಯುವುದು, ರೂಲ್ಫಿನ್ ಕೊರಡಿನ ಮೇಲೆ ಕೊಡಲಿ ಇಳಿಸುವುದು. ಮದುವೆಯಾದ ವಾರದಿಂದ ನಡೆದುಬಂದ ದಾಂಪತ್ಯ ಅದು. ಗೀರ್ಟ್‌ನ ಬಲಭಾಗ ಬಿದ್ದುಹೋದ ಮೇಲೆ ಅವಳು ಅವನ ಕುರ್ಚಿಯನ್ನು ಕೊರಡಿನ ಪಕ್ಕಕ್ಕೆ ಎಳೆದು ತಂದಳು. ಅವನು ಎಡಗೈಯೊಂದರಲ್ಲೇ ಹಿಡಿದ.

“ಇವನು ಪಕ್ಕದ ಲಾಮರ್ಟ್‌ನ ಮನೆಯವನು ಕಣೇ,” ಎನ್ನುತ್ತಿದ್ದ. “ಎದೆ ನೋಡು. ಯಜಮಾನನ ಥರವೇ ಒಳಗೆ ಬರೀ ಗಾಳಿ.”

“ಸುಮ್ನೆ ಹಿಡಿ ಮುದುಕಾ. ಬೆರಳು ಹೋಗುತ್ತೆ.”

ಆ ಜುಲೈಗೆ ಅವರ ಮದುವೆಯಾಗಿ ಐವತ್ತು ವರ್ಷ ತುಂಬುತ್ತಿತ್ತು. ಅಲ್ಲಿ ಹಾಗೆ ತುಂಬಿದವರ ಮನೆ ಬಾಗಿಲಿಗೆ ನೆರೆಯವರು ಹಸಿರು ಕಮಾನು ಕಟ್ಟುತ್ತಾರೆ. ಪೈನ್ ಕೊಂಬೆಗಳ ಕಮಾನು, ಅದರ ತುಂಬ ಕಾಗದದ ಚಿನ್ನದ ಬಣ್ಣದ ಗುಲಾಬಿ. ಗುಲಾಬಿ ಸುತ್ತಲೆಂದು ಎರಡು ವಾರ ಮೊದಲಿನಿಂದ ಪ್ರತಿ ಸಂಜೆ ಪಕ್ಕದ ಮನೆಯವನ ಕೊಟ್ಟಿಗೆಯಲ್ಲಿ ಸೇರುತ್ತಾರೆ. ಸುತ್ತಿದ್ದಕ್ಕಿಂತ ಕುಡಿದದ್ದೇ ಹೆಚ್ಚಾಗುತ್ತದೆ. ತನ್ನ ಕಮಾನನ್ನು ತಾನೇ ಕಟ್ಟಿಕೊಳ್ಳುವುದೆಂದರೆ ತನ್ನ ಹೆಣಕ್ಕೆ ತಾನೇ ಹೆಗಲು ಕೊಟ್ಟ ಹಾಗೆ. ಗೀರ್ಟ್‌ಗೆ ಬದುಕಿನಲ್ಲಿ ಉಳಿದಿದ್ದ ಆಸೆ ಆ ಕಮಾನೊಂದೇ. “ಅದರ ಕೆಳಗೆ ಕೂತು ಒಂದು ಫೋಟೋ ತೆಗೆಸ್ಕೋಬೇಕು. ಆಮೇಲೆ ಕರೆದಾಗ ಹೋದ್ರಾಯ್ತು,” ಎನ್ನುತ್ತಿದ್ದ.

ಅಷ್ಟರಲ್ಲಿ ಇನ್ನೊಂದು ಪಕ್ಕದ ಮನೆಗೆ ಡೀಡ್ರಿಕ್ ಬಂದರು. ಹಾರ್ಲೆಮ್‌ನಲ್ಲಿ ಶಾಲೆಗಳ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಜಗತ್ತು ಇನ್ನೂ ತಮ್ಮ ತಪಾಸಣೆಗೆ ಕಾದಿದೆಯೆಂಬ ಗತ್ತು ಮಾತ್ರ ನಿವೃತ್ತವಾಗಿರಲಿಲ್ಲ. ತರಹೇವಾರಿ ಕೋಳಿ ತಂದರು, ಮೊಟ್ಟೆ ಕಾವಿಗಿಟ್ಟರು, ಮರಿಗಳಿಗೆಲ್ಲ ಹೆಸರಿಟ್ಟರು. ಕಾಲಿಗೆ ಗರಿಯಿದ್ದ ದೊಡ್ಡ ಬಿಳಿ ಹುಂಜಕ್ಕೆ ಪ್ರೊಫೆಸರ್ ಎಂದು ನಾಮಕರಣವಾಯಿತು. ಪ್ರೊಫೆಸರ್ ಕುಳ್ಳ ಹೇಂಟೆಯೊಂದರ ನೆತ್ತಿಯನ್ನು ಮೂಳೆ ಕಾಣುವವರೆಗೆ ಕುಕ್ಕಿದಾಗ ಡೀಡ್ರಿಕ್ ಹಲಗೆಯ ಮೇಲೆ ಚೀಟಿ ಅಂಟಿಸಿದರು, ದುಂಡು ಅಕ್ಷರದಲ್ಲಿ. ಯಾರೋ ದಾರಿ ತೋರಿಸಿದರು. ಪೆಟ್ಟಿಗೆ ಬಂತು, ಮಾರನೆಯ ದಿನ ಖಾಲಿಯಾಗಿ ಗೇಟಿಗೆ ಹೋಯಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಸಂಜೆ ಅವರು ಕೈಯಲ್ಲೊಂದು ಪೊಟ್ಟಣ ಹಿಡಿದು ಹಿತ್ತಲಿಗೆ ಬಂದು ನಿಂತರು.

“ಪ್ರೊಫೆಸರ್‌ನ ನೋಡಿ ಹೋಗೋಣ ಅಂತ. ಅವನಿಗೆ ಒಣದ್ರಾಕ್ಷಿ ಅಂದ್ರೆ ಪ್ರಾಣ.”

“ಯಾವ ಪ್ರೊಫೆಸರ್?” ಎಂದಳು ರೂಲ್ಫಿನ್.

“ನನ್ನ ಹುಂಜ, ರೂಲ್ಫಿನ್ ಅವರೇ. ಒಳ್ಳೆ ಮನೆಗೆ ಅಂತ ಕೊಟ್ಟಿದ್ನಲ್ಲ.”

ಇವನು ತಮಾಷೆ ಮಾಡುತ್ತಿದ್ದಾನೆಂದೇ ಗೀರ್ಟ್ ತಿಳಿದ. ಇಷ್ಟು ದೊಡ್ಡ ಮನುಷ್ಯನಿಗೆ ಇಷ್ಟು ಸಣ್ಣ ವಿಷಯ ತಿಳಿಯದಿರಲು ಸಾಧ್ಯವೇ? ಕುರ್ಚಿಯಲ್ಲೇ ನಕ್ಕು ಹೇಳಿದ: “ಪ್ರೊಫೆಸರ್ ನಿನ್ನೆಯೇ ನಿವೃತ್ತರಾದ್ರು ಸ್ವಾಮಿ. ಅರ್ಧ ಪಾತ್ರೆಯಲ್ಲಿ, ಅರ್ಧ ನನ್ನ ಹೊಟ್ಟೆಯಲ್ಲಿ.”

ಡೀಡ್ರಿಕ್ ಬಗ್ಗಿ ಕೊರಡಿನ ಪಕ್ಕದ ಬಕೆಟ್ಟಿನೊಳಗೆ ನೋಡಿದರು. ಗರಿಯ ಷರಾಯಿ ತೊಟ್ಟ ಎರಡು ಕಾಲುಗಳು ಬಕೆಟ್ಟಿನ ಅಂಚಿಗೆ ಒರಗಿ, ಇನ್ನೇನು ಎದ್ದು ಪಾಠ ಮಾಡುತ್ತೇವೆಂಬಂತೆ ನಿಂತಿದ್ದವು.

ಮುಂದಿನ ವಾರ ಊರಿನ ಸಭಾಭವನದಲ್ಲಿ ಅವರು ಭಾಷಣ ಮಾಡಿದರು. ನಂಬಿಕೆ, ನಾಗರಿಕತೆ, ಮೂಕಪ್ರಾಣಿ. ಕೊನೆಗೆ ಬೆರಳೆತ್ತಿ, “ಗೊತ್ತಿದ್ದೂ ಕೊಟ್ಟವರು ಕೊಂದವರಷ್ಟೇ ಕೊಲೆಗಾರರು!” ಎಂದರು. ಕೊಟ್ಟವರೆಲ್ಲ ಅಲ್ಲಿಯೇ ಇದ್ದರು. ಕೊಲೆಗಾರರಾಗುವುದಕ್ಕಿಂತ ಮೋಸಹೋದವರಾಗುವುದು ಅಗ್ಗ. ನೆರೆಕೂಟದ ಅಧ್ಯಕ್ಷ ಲಾಮರ್ಟ್ ಮೊದಲು ಎದ್ದ. ತನ್ನ ಹಿತ್ತಲ ಹುಂಜ ಕೂಗಿದರೇನೇ ಡ್ರೆಂಥೆಗೆ ಬೆಳಗಾಗುವುದೆಂದು ತಿಳಿದ ಮನುಷ್ಯ.

“ನಾನಂತೂ ಒಳ್ಳೆ ಮನೆ ಅಂದ್ರೆ ಒಳ್ಳೆ ಮನೆ ಅಂತಲೇ ನಂಬಿದ್ದೆ,” ಎಂದ. “ಇಷ್ಟು ವರ್ಷ ನಮ್ಮ ಕಣ್ಣಿಗೆ ಮಣ್ಣೆರಚಿದಳಲ್ಲಪ್ಪಾ!”

ಹಿಂದಿನ ಸಾಲಿನಲ್ಲಿ ಕೂತಿದ್ದ ರೂಲ್ಫಿನ್ ಅವನನ್ನೇ ನೋಡಿದಳು. ಹಿಂದಿನ ಶನಿವಾರವಷ್ಟೇ ಆ ಮನುಷ್ಯ ಪೆಟ್ಟಿಗೆ ಕೊಡುವಾಗ, “ಇದು ಸ್ವಲ್ಪ ಮುದಿ. ಎರಡು ಗಂಟೆ ಜಾಸ್ತಿ ಬೇಯಿಸು,” ಎಂದಿದ್ದ. ಅದನ್ನು ಅವಳು ಸಭೆಯಲ್ಲಿ ಹೇಳಲಿಲ್ಲ. ಕಮಾನಿನ ಗುಲಾಬಿ ಸುತ್ತಬೇಕಾದದ್ದು ಅವನ ಕೊಟ್ಟಿಗೆಯಲ್ಲಿ.

ಬಾಯಿ ಮುಚ್ಚಿಕೊಂಡದ್ದೂ ದಂಡವಾಯಿತು. ಜುಲೈ ಹತ್ತಿರವಾದಂತೆ ಗೀರ್ಟ್ ಪ್ರತಿ ಸಂಜೆ ಕೇಳುತ್ತಿದ್ದ:

“ಲಾಮರ್ಟ್‌ನ ಕೊಟ್ಟಿಗೇಲಿ ದೀಪ ಇದ್ಯೇನೇ?”

ಅವಳು ಕಿಟಕಿಯಿಂದ ನೋಡುತ್ತಿದ್ದಳು. ಕೊಟ್ಟಿಗೆ ಕತ್ತಲು. “ಇದೆ,” ಎನ್ನುತ್ತಿದ್ದಳು.

“ನಗ್ತಿದಾರಾ?”

“ನಗ್ತಿದಾರೆ.”

ಐವತ್ತು ತುಂಬಿದ ದಿನ ಬೆಳಗ್ಗೆ ಗೀರ್ಟ್ ಕೋಟು ಹಾಕಿಸಿಕೊಂಡು, ತಲೆ ಬಾಚಿಸಿಕೊಂಡು, ಬಾಗಿಲು ತೆಗೆಸಿದ. ಬಾಗಿಲು ಬಾಗಿಲಾಗಿಯೇ ಇತ್ತು. ದಾರಿಯಲ್ಲಿ ಸೈಕಲ್ಲಿನ ಮೇಲೆ ಹೋದ ನೆರೆಮನೆಯ ಹೆಂಗಸೊಬ್ಬಳು ತನ್ನ ಚೈನಿಗೆ ಏನೋ ಆಗಿದೆಯೆಂಬಂತೆ ಕೆಳಗೆ ನೋಡುತ್ತ ಹೋದಳು. ಮಧ್ಯಾಹ್ನದವರೆಗೂ ಅವನು ಅಲ್ಲಿಂದ ಕದಲಲಿಲ್ಲ.

“ಕಾಗದ ಸಾಲಲಿಲ್ಲವೇನೋ,” ಎಂದ.

“ಒಳಗೆ ಬಾ. ಸೂಪು ಆರುತ್ತೆ.”

“ದೀಪ ಇರಲಿಲ್ಲ, ಅಲ್ವೇನೇ?”

ಅವಳು ಕುರ್ಚಿಯನ್ನು ಒಳಕ್ಕೆ ತಿರುಗಿಸಿದಳು. ಅಂದಿನಿಂದ ಅವನು ಯಾವುದನ್ನೂ ಹಿಡಿಯಲಿಲ್ಲ. ಹಿಡಿಯಲು ಯಾರೂ ತರಲೂ ಇಲ್ಲ.

ಆದರೆ ಹುಂಜಗಳಿಗೆ ಭಾಷಣ ಕೇಳಿಸಿರಲಿಲ್ಲ. ಅವು ಬೆಳೆದವು. ಊರು ಬೆಳಗಿನ ಜಾವದಿಂದಲೇ ಕೂಗಿನಲ್ಲಿ ಮುಳುಗಿತು. ಕೆಲವರು ಪೆಟ್ಟಿಗೆಗಳನ್ನು ಕಾರಿನಲ್ಲಿಟ್ಟು ಕಾಡಿನಂಚಿಗೆ ಹೋಗಿ ‘ಸ್ವಾತಂತ್ರ್ಯ’ ಕೊಟ್ಟು ಬಂದರು; ಆ ವರ್ಷ ಅಲ್ಲಿಯ ನರಿಗಳ ಮೈ ತುಂಬಿಕೊಂಡಿತು. ಲಾಮರ್ಟ್ ಗುಟ್ಟಾಗಿ ತಾನೇ ಕೊಡಲಿ ಎತ್ತಿದ. ಏಟು ಅರ್ಧಕ್ಕೇ ಬಿತ್ತು. ಹೆಂಡತಿಯ ಹುಟ್ಟುಹಬ್ಬಕ್ಕೆಂದು ಹುಲ್ಲಿನ ಮೇಲೆ ಕೇಕು ತಿನ್ನುತ್ತ ಕೂತಿದ್ದ ನೆಂಟರ ನಡುವೆ ಹುಂಜ ಕತ್ತು ಜೋಲಾಡಿಸಿಕೊಂಡು ಒಂದು ಸುತ್ತು ಓಡಿ, ಅತ್ತೆಯ ಬಿಳಿ ಲಂಗದ ಮೇಲೆ ಸತ್ತಿತು. ಡೀಡ್ರಿಕ್ ಎಲ್ಲೋ ಓದಿದ್ದರು: ಹೇಂಟೆಗಳಿಲ್ಲದ ಕಡೆ ಹುಂಜಗಳು ಅಣ್ಣತಮ್ಮಂದಿರಂತೆ ಇರುತ್ತವೆಂದು. ತಮ್ಮವನ್ನೆಲ್ಲ ಒಂದೇ ಗೂಡಿಗೆ ಹಾಕಿದರು. ಅವು ಅಣ್ಣತಮ್ಮಂದಿರಂತೆಯೇ ಇದ್ದವು. ಬೆಳಗಾಗುವಷ್ಟರಲ್ಲಿ ಎರಡಕ್ಕೆ ಕಣ್ಣಿರಲಿಲ್ಲ, ಒಂದರ ಬೆನ್ನು ಮೂಳೆಯವರೆಗೆ ತೆರೆದಿತ್ತು.

ಎಲೆ ಉದುರುವ ಹೊತ್ತಿಗೆ ಗೀರ್ಟ್ ಸತ್ತ.

ಆಗ ನೆರೆಯವರು ಬಂದರು. ಹಸಿರು ಕಮಾನಿಗೆ ಬಾರದ ಕಾಲುಗಳು ಹೆಣಕ್ಕೆ ತಾವಾಗಿಯೇ ಬಂದವು. ಸಾವು ಅಲ್ಲಿ ನೆರೆಯವರ ಕರ್ತವ್ಯ. ಅದನ್ನು ತಪ್ಪಿಸಿದವನಿಗೆ ನಾಳೆ ಹೊರುವವರಿರುವುದಿಲ್ಲ. ಲಾಮರ್ಟ್ ಗಡಿಯಾರ ನಿಲ್ಲಿಸಿದ, ಕನ್ನಡಿಗೆ ಬಟ್ಟೆ ಮುಚ್ಚಿದ, ಮನೆಮನೆಗೂ ಹೋಗಿ ಸುದ್ದಿ ಹೇಳಿದ. ಶವಪೆಟ್ಟಿಗೆಯ ಒಂದು ಹಿಡಿಕೆ, ನೆರೆಯವರಾದ ತಪ್ಪಿಗೆ, ಡೀಡ್ರಿಕ್ ಅವರ ಪಾಲಿಗೂ ಬಂತು.

ಸ್ಮಶಾನದಲ್ಲಿ ಪಾದ್ರಿ ಕಣ್ಣು ಮುಚ್ಚಿ ಎಲ್ಲರಿಗೂ ಮೌನವಾಗಿರಲು ಹೇಳಿದ ಗಳಿಗೆಯಲ್ಲಿ ಬೇಲಿಯಾಚೆ ನಿಂತಿದ್ದ ಲಾಮರ್ಟ್‌ನ ಕಾರಿನ ಡಿಕ್ಕಿಯೊಳಗಿಂದ ಒಂದು ಹುಂಜ ಕೂಗಿತು. ಪಕ್ಕದ ಕಾರು ಉತ್ತರ ಕೊಟ್ಟಿತು. ಮೂರನೆಯದು, ಡೀಡ್ರಿಕ್ ಅವರದು, ಗಂಟಲು ಒಡೆದ ದನಿಯಲ್ಲಿ ಇಬ್ಬರನ್ನೂ ಬೈಯಿತು. ಹೊತ್ತವರೆಲ್ಲ ತಮ್ಮ ಬೂಟುಗಳನ್ನೇ ನೋಡುತ್ತ ನಿಂತರು. ರೂಲ್ಫಿನ್ ಆ ಬೂಟುಗಳನ್ನು ನೋಡಿದಳು.

ಮನೆಯಲ್ಲಿ ಕಾಫಿ, ಬೆಣ್ಣೆ ಸವರಿದ ಒಣದ್ರಾಕ್ಷಿ ಬ್ರೆಡ್ಡು ಆದವು. ಲಾಮರ್ಟ್ ಮೂರನೆಯ ತುಂಡು ಮುಗಿಸಿ, ತುಟಿ ಒರೆಸಿಕೊಂಡು ಅವಳ ಪಕ್ಕಕ್ಕೆ ಸರಿದ.

“ಗೀರ್ಟ್‌ನಂಥವನು ಇನ್ನು ಹುಟ್ಟೋಲ್ಲ ರೂಲ್ಫಿನ್.” ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ, “ಡಿಕ್ಕೀಲಿ ಒಂದೆರಡು… ಒಳ್ಳೆ ಮನೆ ಬೇಕಿತ್ತು.”

ರೂಲ್ಫಿನ್ ಕಪ್ಪು ಕೋಟು ಬಿಚ್ಚಿ ಮೊಳೆಗೆ ಹಾಕಿದಳು. ಏಪ್ರನ್ ಕಟ್ಟಿಕೊಂಡಳು. ಗೀರ್ಟ್‌ನ ಕುರ್ಚಿಯನ್ನು ಹಿತ್ತಲಿಗೆ ಎಳೆದು ಕೊರಡಿನ ಪಕ್ಕ ಇಟ್ಟಳು.

“ಹಿಡಿಯೋನು ಹೋದ. ಇನ್ಮೇಲೆ ಯಾರ ಹುಂಜವೋ ಅವರೇ ಹಿಡೀಬೇಕು. ಕೂತ್ಕೊ.”

“ಇವತ್ತಾ? ಈ ಬಟ್ಟೇಲಾ?”

“ಕಪ್ಪು ಬಟ್ಟೆ ತಾನೆ. ಕಲೆ ಕಾಣಲ್ಲ.”

ಬಾಗಿಲಲ್ಲಿ ಕಾಫಿ ಬಟ್ಟಲು ಹಿಡಿದ ಊರೇ ನಿಂತಿತ್ತು. ಲಾಮರ್ಟ್ ಕೂತ.

“ಗಟ್ಟಿಯಾಗಿ ಹಿಡಿ. ಅವನು ಒಂದೇ ಕೈಲಿ ಹಿಡೀತಿದ್ದ,” ಎಂದಳು. ಕೊಡಲಿ ಇಳಿಯಿತು. ಕಪ್ಪು ಕೋಟಿನ ಮೇಲೆ ಕಲೆ ಕಾಣಲಿಲ್ಲ. ಬಿಳಿಯ ಅಂಗಿಯ ಎದೆಯ ಮೇಲೆ ಚೆನ್ನಾಗಿಯೇ ಕಂಡಿತು. ಎರಡನೆಯ ಹುಂಜಕ್ಕೆ ಅವನು ಮುಖ ತಿರುಗಿಸಿದ್ದರಿಂದ ಕಿವಿಯೂ ಕೆಂಪಾಯಿತು. ಎದ್ದವನು ತಾನೇ ಬಾವಿಯ ಕಡೆ ನಡೆದ. ಯಾರೂ ಅವನನ್ನು ಅಧ್ಯಕ್ಷರೇ ಎಂದು ಕರೆಯಲಿಲ್ಲ.

ಕೊನೆಗೆ ಡೀಡ್ರಿಕ್ ಬಂದರು, ಎರಡೂ ಕೈಯಲ್ಲಿ ಒಂದೊಂದು ಪೆಟ್ಟಿಗೆ.

“ರೂಲ್ಫಿನ್ ಅವರೇ, ಇದಕ್ಕೆ ಕಣ್ಣಿಲ್ಲ. ನನ್ನಿಂದ ನೋಡೋಕಾಗ್ತಿಲ್ಲ.”

“ನೋಡಬೇಡಿ. ಹಿಡ್ಕೊಳ್ಳಿ, ಇನ್‌ಸ್ಪೆಕ್ಟ್ರೇ.”

ಅವರು ಗೀರ್ಟ್‌ನ ಕುರ್ಚಿಯಲ್ಲಿ ಕೂತು, ಕುರುಡು ಹುಂಜದ ಕಾಲು ರೆಕ್ಕೆ ಒಟ್ಟಿಗೆ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಕೊರಡಿನ ಮೇಲೆ ಸದ್ದಾಯಿತು. ಕೈಯಲ್ಲಿ ಒದ್ದಾಟ ಇನ್ನೂ ನಡೆದೇ ಇತ್ತು. ಕಣ್ಣು ತೆರೆಯದೆಯೇ, ಮಗುವಿನಂಥ ದನಿಯಲ್ಲಿ ಅವರು ಕೇಳಿದರು:

“ಹೋಯ್ತಾ… ಒಳ್ಳೆ ಮನೆಗೆ?”

“ಇಲ್ಲ. ಸತ್ತೋಯ್ತು,” ಎಂದಳು ರೂಲ್ಫಿನ್. “ಇನ್ನೊಂದು ತೆಗೀರಿ.”